ಹಳ್ಳ ನಿಂತ ಹೊತ್ತು

ಸೇಸಪ್ಪ ನೀರಿಗೆ ಹೆದರುವ ಆಸಾಮಿ ಅಲ್ಲ. ಬಂಟ್ವಾಳದ ಕೆಳಗೆ, ನೇತ್ರಾವತಿಯ ಒಂದು ಕಡವಿನಲ್ಲಿ ಹುಟ್ಟಿದವನು. ಅಪ್ಪ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ. ಮಗ ನಡೆಯಲು ಕಲಿತ ಮರುವರ್ಷವೇ ಈಜಲೂ ಕಲಿತ. ಮಳೆಗಾಲದಲ್ಲಿ ಹೊಳೆ ಅಂಗಳಕ್ಕೆ ಬರುವುದೆಂದರೆ ಆ ಮನೆಯಲ್ಲಿ ವರ್ಷಕ್ಕೊಮ್ಮೆ ನೆಂಟರು ಬಂದ ಹಾಗೆ. ಅಪ್ಪ ಅಂಗಳದ ಅಂಚಿಗೆ ಒಂದು ಗೂಟ ಹೊಡೆದಿಟ್ಟಿದ್ದ. ನೀರು ಗೂಟವನ್ನು ಮುಳುಗಿಸಿದರೆ ಮಕ್ಕಳನ್ನೂ ದನಗಳನ್ನೂ ಗುಡ್ಡೆಗೆ ಹತ್ತಿಸಬೇಕು. ಗೂಟದ ತಲೆ ಮತ್ತೆ ಕಂಡಿತೋ, ಇಳಿದು ಬಂದು ಒಲೆ ಹಚ್ಚಬಹುದು. ಇಳಿಯುವ ನೀರು ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಅಪ್ಪನ ಮಾತು. ಐವತ್ತು ವರ್ಷ ತುಂಬುವವರೆಗೂ ಸೇಸಪ್ಪ ಅದನ್ನು ನಂಬಿಕೊಂಡೇ ಇದ್ದ.

ಮಂಗಳೂರಿನ ಬಂದರಿನಲ್ಲಿ ಲಾರಿ ಓಡಿಸುತ್ತಿದ್ದವನು ದುಬೈಗೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಮೊದಲು ನೀರಿನ ಟ್ಯಾಂಕರ್ ಓಡಿಸಿದ, ಆಮೇಲೆ ಒಂದು ಕಟ್ಟಡ ಕಂಪನಿಯ ಬಸ್ಸು. ನಸುಕಿಗೇ ಅಲ್ ಕೂಜ್‌ನ ಲೇಬರ್ ಕ್ಯಾಂಪಿನಿಂದ ಐವತ್ತು ಅರವತ್ತು ಜನರನ್ನು ತುಂಬಿಕೊಂಡು ಕೆಲಸದ ಜಾಗದಲ್ಲಿ ಇಳಿಸುವುದು, ಸಂಜೆ ಅಷ್ಟೇ ಜನರನ್ನು ತಲೆ ಎಣಿಸಿ ವಾಪಸು ತರುವುದು. ಬೇಸಗೆಯಲ್ಲಿ ಸ್ಟಿಯರಿಂಗ್ ಮುಟ್ಟಿದರೆ ಅಂಗೈ ಸುಡುವಂಥ, ಎಸಿ ಇಲ್ಲದ ಬಸ್ಸು ಅದು. ಊರಲ್ಲಿ ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಕ್ಯಾಂಪಿನಲ್ಲಿ ಜಗಳ ಬಿದ್ದರೆ ಎರಡೂ ಕಡೆಯವರು ಅವನ ರೂಮಿಗೆ ಬರುತ್ತಿದ್ದರು.

ಪಕ್ಕದ ಬಸ್ಸಿನ ಡ್ರೈವರು ಶೇರ್ ಗಾಜಿ. ಪಾಕಿಸ್ತಾನದ ಉತ್ತರದ ತುದಿಯಲ್ಲಿ, ಚಿತ್ರಾಲ್ ಪೇಟೆಯಿಂದ ಇನ್ನೂ ಎರಡು ದಿನ ಮೇಲಕ್ಕೆ ನಡೆದರೆ ಸಿಗುವ ಒಂದು ಹಳ್ಳಿಯವನು. ಇಬ್ಬರೂ ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಇಬ್ಬರದ್ದೂ ಅರ್ಧಂಬರ್ಧ ಹಿಂದಿ, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಒಂದು ಸಂಜೆ ಕೆಲಸಗಾರರಿಗಾಗಿ ಕಾಯುತ್ತ ಕೂತಿದ್ದಾಗ ಗಾಜಿ ತನ್ನ ಊರಿನ ಕತೆ ಹೇಳಿದ್ದ.

ಅವನಿಗೆ ಆಗ ಹನ್ನೊಂದು ವರ್ಷವಂತೆ. ಬೇಸಗೆಯ ಒಂದು ಬೆಳಿಗ್ಗೆ ಮೇಲಿನ ಶಿಖರದಿಂದ ಹಿಮದ ದೊಡ್ಡ ಹೋಳೊಂದು ಬಂಡೆಗಳ ಸಮೇತ ಕಳಚಿ ಬಿತ್ತು. ಬಿದ್ದದ್ದು ಊರಿನ ಮೇಲಲ್ಲ, ದೂರದ ಕಣಿವೆಗೆ. ಸದ್ದು ಕೇಳಿದವರು ತಲೆ ಎತ್ತಿ ನೋಡಿದರು, ಬಿಳಿಯ ಧೂಳು ಎದ್ದು ಅಡಗಿತು, ಮತ್ತೆ ಹೊಲದ ಕೆಲಸಕ್ಕೆ ಬಗ್ಗಿದರು. ಸ್ವಲ್ಪ ಹೊತ್ತಿಗೆ ಊರಿನ ಹೊಳೆ ಬತ್ತಿತು. ತಳದ ಕಲ್ಲು ಕಂಡಿತು, ಗುಂಡಿಗಳಲ್ಲಿ ಮೀನು ಒದ್ದಾಡತೊಡಗಿದವು. ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಇಳಿದರು. ಅಜ್ಜಿ ಗಾಜಿಯನ್ನು ಹುಲ್ಲು ತರಲು ಗುಡ್ಡಕ್ಕೆ ಅಟ್ಟಿದ್ದಳು, ಅದಕ್ಕೆ ಅವನು ಉಳಿದ. ಹಿಮ, ಬಂಡೆ ಸೇರಿ ಕಟ್ಟಿದ ಒಡ್ಡಿನ ಹಿಂದೆ ತುಂಬಿ ನಿಂತಿದ್ದ ಹೊಳೆ ಒಡ್ಡನ್ನು ಒಡೆದುಕೊಂಡು ಒಮ್ಮೆಗೇ ಬಂತು. ಮೂವತ್ತೊಂದು ಜನ ಹೋದರು. ಅದರಲ್ಲಿ ಗಾಜಿಯ ತಾಯಿ, ಇಬ್ಬರು ತಂಗಿಯರು.

ಸೇಸಪ್ಪ ಕೈಯ ಬೀಡಿ ಆರಿಸಿ ಪೂರ್ತಿ ಕೇಳಿದ್ದ. ಆದರೆ ಅದು ಹಿಮದ ಊರಿನ ಕತೆ. ಮರಳಿನ ಊರಲ್ಲಿ ಕೂತು ಕೇಳಿದ್ದು. ನಾಲ್ಕು ದಿನಕ್ಕೆ ಮರೆತೂ ಹೋಯಿತು.

ತೊಂಬತ್ತೇಳರ ಮಾರ್ಚ್‌ನಲ್ಲಿ ದುಬೈಯಲ್ಲಿ ಎಂದೂ ಕಾಣದ ಹಾಗೆ ಮಳೆ ಬಂತು. ಬುಧವಾರ, ಗುರುವಾರ ಎರಡೂ ದಿನ ರಸ್ತೆಯ ತಗ್ಗುಗಳಲ್ಲಿ ಕಾರುಗಳು ನಿಂತುಬಿಟ್ಟವು. ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಲ್ ಕುಸೈಸ್ ಸುತ್ತಿನ ಕನ್ನಡ ಕುಟುಂಬಗಳ ಒಂದು ಕೂಟ ಆ ದಿನಕ್ಕೆ ಹತ್ತಾ ಕಡೆಯ ಬೆಟ್ಟಗಳಿಗೆ ಪಿಕ್‌ನಿಕ್ ಗೊತ್ತುಮಾಡಿತ್ತು. ರಜೆಯ ದಿನ ಕಂಪನಿ ಬಸ್ಸುಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಹಾಗೆ ಬಂದವು ಎರಡು ಬಸ್ಸು, ಸೇಸಪ್ಪನದೊಂದು, ಗಾಜಿಯದೊಂದು. ಒಟ್ಟು ಎಪ್ಪತ್ತೆಂಟು ಜನ. ಕೂಟದ ಅಧ್ಯಕ್ಷರು ಶಾಮಸುಂದರ, ಬೆಂಗಳೂರಿನವರು, ಅಲ್ ಮುರಕ್ಕಬಾತ್‌ನಲ್ಲಿ ಒಂದು ಆಫೀಸಿನ ಮ್ಯಾನೇಜರು. ಅವರ ತಾಯಿ ಶಾರದಮ್ಮನವರು ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದವರು, ಅವರೂ ಹೊರಟಿದ್ದರು.

ಹೆಸರಿನ ಪಟ್ಟಿ ಹಿಡಿದು ಎಲ್ಲರನ್ನೂ ಬಸ್ಸು ಹತ್ತಿಸಿದವರು ಶ್ರೀನಿವಾಸಮೂರ್ತಿ. ಮೈಸೂರಿನವರು, ನಲವತ್ತರ ಆಸುಪಾಸು, ಉದ್ದಕ್ಕೆ ತೆಳ್ಳಗೆ, ಕೊರಳಲ್ಲಿ ಆಟ ಆಡಿಸುವುದಕ್ಕೆ ತಂದ ಸೀಟಿ. ಅವರ ಹೆಂಡತಿ ಅನಸೂಯಾ, ಏಳು ವರ್ಷದ ಮಗಳು ಹಿತಾ ಸೇಸಪ್ಪನ ಬಸ್ಸಿನಲ್ಲೇ ಮುಂದಿನ ಸೀಟಿನಲ್ಲಿದ್ದರು. ಇಡೀ ಗುಂಪಿನಲ್ಲಿ, ಡ್ರೈವರುಗಳು ತಿಂಡಿ ತಿಂದರೋ ಇಲ್ಲವೋ ಎಂದು ಕೇಳಿದವರು ಮೂರ್ತಿಗಳೊಬ್ಬರೇ. ಕೇಳಿ ಸುಮ್ಮನಾಗಲಿಲ್ಲ, ಇಡ್ಲಿ ಕಟ್ಟಿದ ಪೊಟ್ಟಣ ಎರಡು ತಂದು ಕೈಗಿತ್ತರು.

ಕೆಂಪು ಮರಳಿನ ದಿಬ್ಬಗಳನ್ನು ದಾಟಿ, ಕರಿಬೆಟ್ಟಗಳ ನಡುವೆ ಹೊಕ್ಕು, ಹತ್ತೂವರೆಗೆಲ್ಲ ಜಾಗ ತಲುಪಿದರು. ಎರಡು ಬೆಟ್ಟಗಳ ನಡುವಿನ ಹಳ್ಳ. ಅಲ್ಲಿನವರು ವಾದಿ ಎನ್ನುತ್ತಾರೆ. ವರ್ಷದ ಮುಕ್ಕಾಲು ಪಾಲು ಒಣಕಲ್ಲು. ಆವತ್ತು ಮೊಣಕಾಲಿನ ಕೆಳಗಿನವರೆಗೆ ತಣ್ಣಗಿನ ನೀರು ಜುಳುಜುಳು ಹರಿಯುತ್ತಿತ್ತು. ಊರು ಬಿಟ್ಟ ಮೇಲೆ ಹರಿಯುವ ನೀರನ್ನೇ ಕಾಣದ ಜನ, ಹಳ್ಳದ ನಡುವಿನ ಮರಳು ದಿನ್ನೆಯ ಮೇಲೆ ಚಾಪೆ ಹಾಸಿ, ಗ್ಯಾಸ್ ಒಲೆ ಇಟ್ಟು, ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಏರಿಸಿದರು. ಬಸ್ಸುಗಳು ನಿಂತದ್ದು ದಂಡೆಯ ಜಲ್ಲಿಕಲ್ಲಿನ ಮೇಲೆ, ಹಳ್ಳಕ್ಕಿಂತ ಒಂದಾಳು ಎತ್ತರದಲ್ಲಿ. ಅಲ್ಲಿಂದ ಮಣ್ಣುರಸ್ತೆ ಅರ್ಧ ಕಿಲೋಮೀಟರು ಏರಿ, ಗುಡ್ಡದ ಭುಜವನ್ನು ಸುತ್ತಿ, ಟಾರು ರಸ್ತೆಗೆ ಸೇರುತ್ತಿತ್ತು.

ಹನ್ನೆರಡರ ಸುಮಾರಿಗೆ ಮೇಲಿನ ಬೆಟ್ಟಗಳ ಕಡೆಯಿಂದ ಗುಡ್ ಎಂದು ಒಂದು ಸದ್ದು ಬಂತು. ನೆಲ ಸಣ್ಣಗೆ ನಡುಗಿತು. ಯಾರೋ ಕಲ್ಲಿನ ಕ್ವಾರಿಯಲ್ಲಿ ಸಿಡಿಮದ್ದು ಇಟ್ಟಿರಬೇಕು ಎಂದರು. ಆಟ ಮುಂದುವರಿಯಿತು.

ಗಾಜಿ ಜುಮಾದ ನಮಾಜಿಗೆ ಕೈಕಾಲು ತೊಳೆಯಲು ಹಳ್ಳಕ್ಕೆ ಇಳಿದಿದ್ದ. ಸೇಸಪ್ಪ ಬಸ್ಸಿನ ನೆರಳಿನಲ್ಲಿ ಕೂತು ಬೀಡಿ ಹಚ್ಚಿದ್ದ. ಅರ್ಧ ಬೀಡಿ ಮುಗಿಯುವಷ್ಟರಲ್ಲಿ ಗಾಜಿ ಬರಿಗಾಲಲ್ಲಿ ದಂಡೆ ಹತ್ತಿ ಓಡಿಬಂದ. ಚಪ್ಪಲಿ ಅಲ್ಲೇ ಬಿಟ್ಟಿದ್ದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು, ಕಾಲು ಒಣಗಿತ್ತು.

"ಸೇಸಪ್ಪ ಭಾಯ್, ಹಳ್ಳ ನಿಂತುಹೋಯಿತು. ಮುಖ ತೊಳೆಯುವಾಗ ಇತ್ತು, ಕಾಲು ತೊಳೆಯುವಷ್ಟರಲ್ಲಿ ಇಲ್ಲ. ಜನರನ್ನು ಎಬ್ಬಿಸು."

ಸೇಸಪ್ಪ ಇಣುಕಿ ನೋಡಿದ. ನಿಜ, ಹರಿಯುತ್ತಿದ್ದ ನೀರು ಕಲ್ಲುಗಳ ಸಂದಿನ ಗುಂಡಿಗಳಿಗೆ ಸರಿದಿತ್ತು. ಮಕ್ಕಳು ಆ ಗುಂಡಿಗಳ ಸುತ್ತ ಕೂತು ಬೆರಳುದ್ದದ ಮೀನುಗಳನ್ನು ಪ್ಲಾಸ್ಟಿಕ್ ಲೋಟಕ್ಕೆ ಹಿಡಿಯುತ್ತಿದ್ದವು. ಮಳೆ ನಿಂತಿದೆ, ನೀರು ಇಳಿದಿದೆ, ಅದರಲ್ಲೇನು ಎಂದು ಅವನು ಹೇಳಿದ. ಅದು ಅಪ್ಪನ ಗೂಟದ ಮಾತು.

ಗಾಜಿ ಅವನ ಭುಜ ಹಿಡಿದು ಮೂಡಣಕ್ಕೆ ತಿರುಗಿಸಿದ. ಇವರ ತಲೆಯ ಮೇಲೆ ಬಿಸಿಲಿತ್ತು. ಆದರೆ ಹಳ್ಳ ಹುಟ್ಟುವ ಎತ್ತರದ ಬೆಟ್ಟಗಳ ಮೇಲೆ ಮೋಡ ಮಸಿ ಬಳಿದ ಹಾಗೆ ಕೂತಿತ್ತು, ಅದರ ಕೆಳಗೆ ಮಳೆಯ ಪರದೆ ಇಳಿಬಿದ್ದಿತ್ತು.

"ಮೇಲೆ ಮಳೆ ನಿಂತಿಲ್ಲ," ಎಂದ ಗಾಜಿ. "ಹಾಗಾದರೆ ಆ ನೀರೆಲ್ಲ ಈಗ ಎಲ್ಲಿದೆ?"

ಸೇಸಪ್ಪನಿಗೆ ಹನ್ನೆರಡರ ಹೊತ್ತಿನ ಆ ಸದ್ದು ನೆನಪಾಯಿತು. ನೀರಿನ ಟ್ಯಾಂಕರಿನ ಕಾಲದಲ್ಲಿ ಇಲ್ಲಿನ ಕ್ವಾರಿಗಳಿಗೆಲ್ಲ ನೀರು ಹೊತ್ತವನು ಅವನು. ಶುಕ್ರವಾರ ಯಾವ ಕ್ವಾರಿಯಲ್ಲೂ ಮದ್ದು ಇಡುವುದಿಲ್ಲ.

ಅವನು ಇಳಿದು ಹೋಗಿ ಶಾಮಸುಂದರರನ್ನು ಪಕ್ಕಕ್ಕೆ ಕರೆದು, ಮೇಲೆಲ್ಲೋ ಗುಡ್ಡ ಜರಿದು ನೀರು ಕಟ್ಟಿಕೊಂಡಿರಬೇಕು, ಒಡೆದರೆ ಕಷ್ಟ, ತಕ್ಷಣ ಎಲ್ಲರನ್ನೂ ಬಸ್ಸಿಗೆ ಹತ್ತಿಸಬೇಕು ಎಂದು ಹೇಳಿದ. ಶಾಮಸುಂದರ ಕೆಟ್ಟ ಮನುಷ್ಯರಲ್ಲ, ನಗುನಗುತ್ತಲೇ ಕೇಳಿದರು. ನೀರೇ ಇಲ್ಲದ ಮೇಲೆ ಪ್ರವಾಹ ಎಲ್ಲಿಂದ ಬರುತ್ತದೆ, ಹಸಿದ ಮಕ್ಕಳಿದ್ದಾರೆ, ಇನ್ನು ಅರ್ಧ ಗಂಟೆಯಲ್ಲಿ ಊಟ ಮುಗಿಯುತ್ತದೆ, ಆಮೇಲೆ ನೋಡೋಣ ಎಂದರು. ಹೆಂಗಸರ ಮುಂದೆ ಇಂಥ ಮಾತು ಆಡಿ ಗಾಬರಿ ಹುಟ್ಟಿಸಬಾರದು ಎಂದೂ ಸೇರಿಸಿದರು. ಜೇಬಿನಿಂದ ಮೊಬೈಲು ತೆಗೆದು ನೋಡಿದರು. ಬೆಟ್ಟದ ನಡುವೆ ಅದು ಸತ್ತು ಮಲಗಿತ್ತು.

ವಾದಿಸುತ್ತ ಕೂತರೆ ಹೊತ್ತು ಹೋಗುತ್ತದೆ ಎಂದು ಸೇಸಪ್ಪನಿಗೆ ಅನ್ನಿಸಿತು. ಎಷ್ಟೋ ವರ್ಷ ಬಸ್ಸಿನಲ್ಲಿ ಜನರನ್ನು ಹತ್ತಿಸಿ ಇಳಿಸಿದವನು, ಜನ ಯಾವುದಕ್ಕೆ ಏಳುತ್ತಾರೆ ಎಂಬುದು ಗೊತ್ತಿತ್ತು. ಅವನು ಗಾಜಿಗೆ ಕಣ್ಣು ಸನ್ನೆ ಮಾಡಿದ. ಇಬ್ಬರೂ ಹೋಗಿ ಗ್ಯಾಸ್ ಆರಿಸಿ, ಬಿಸಿಬೇಳೆಬಾತಿನ ಪಾತ್ರೆಯ ಎರಡೂ ಕಿವಿಗೆ ಬಟ್ಟೆ ಸುತ್ತಿ, ಎತ್ತಿಕೊಂಡು ಸೀದಾ ದಂಡೆಯ ದಾರಿ ಹಿಡಿದರು.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಗದ್ದಲ ಎದ್ದಿತು. ಬಡಿಸಲು ನಿಂತಿದ್ದವರು ಸೌಟು ಹಿಡಿದೇ ಹಿಂದೆ ಬಂದರು. ಶಾಮಸುಂದರರ ನಗು ಹೋಗಿ ಸಿಟ್ಟು ಬಂದಿತ್ತು, ಕಂಪನಿಗೆ ದೂರು ಕೊಡುತ್ತೇನೆ ಎನ್ನುತ್ತ ಅವರೂ ಬಂದರು. ಊಟ ಹೋದ ಕಡೆಗೆ ಅರ್ಧ ಜನ ಹೊರಟಿತು.

ದಾರಿಗೆ ಅಡ್ಡ ನಿಂತವರು ಶ್ರೀನಿವಾಸಮೂರ್ತಿ. ಅವರು ಬೈಯಲಿಲ್ಲ. ಏನು ವಿಷಯ ಎಂದು ಕೇಳಿದರು. ಸೇಸಪ್ಪ ಪಾತ್ರೆ ಇಳಿಸದೆಯೇ ಎರಡು ಮಾತಿನಲ್ಲಿ ಹೇಳಿದ. ಮೂರ್ತಿಗಳು ಒಮ್ಮೆ ಒಣಗಿದ ಹಳ್ಳ ನೋಡಿದರು, ಒಮ್ಮೆ ಮೂಡಣದ ಮೋಡ ನೋಡಿದರು. ಎಷ್ಟು ಹೊತ್ತು ಸಿಗಬಹುದು ಎಂದಷ್ಟೇ ಕೇಳಿದರು. ಗೊತ್ತಿಲ್ಲ ಎಂದ ಸೇಸಪ್ಪ. ಅವರು ಕೊರಳಿನ ಸೀಟಿ ಬಾಯಿಗಿಟ್ಟು ಊದುತ್ತ ಮಕ್ಕಳ ಕಡೆ ಓಡಿದರು. ಹೊಸ ಆಟ, ಮೊದಲು ಬಸ್ಸು ಮುಟ್ಟಿದವರು ಗೆದ್ದ ಹಾಗೆ ಎಂದು ಕೂಗಿದರು. ಮಕ್ಕಳು ಮೀನಿನ ಲೋಟ ಚೆಲ್ಲಿ ದಂಡೆಯ ಕಡೆ ಓಟ ಕಿತ್ತವು. ಮಕ್ಕಳು ಓಡಿದ ಮೇಲೆ ತಾಯಂದಿರು ಕೂರುತ್ತಾರೆಯೇ.

ಮೊದಲು ಬಂದವರನ್ನೂ ವಯಸ್ಸಾದವರನ್ನೂ ಗಾಜಿಯ ಬಸ್ಸಿಗೆ ತುಂಬಿದರು. ಯಾರು ಯಾವ ಬಸ್ಸಿನಲ್ಲಿ ಬಂದರು ಎಂದು ನೋಡುವ ಹೊತ್ತಲ್ಲ ಅದು. ಬಾಗಿಲ ಹತ್ತಿರ ಶಾಮಸುಂದರ ತಟ್ಟನೆ ನಿಂತರು.

"ಅಮ್ಮ ಅಲ್ಲೇ ಇದ್ದಾರೆ," ಎಂದರು.

ಶಾರದಮ್ಮನವರು ಮೊಣಕಾಲು ನೋವಿನವರು. ಹಳ್ಳದ ತಿರುವಿನಾಚೆ, ಬಂಡೆಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು ನೀರಿನಲ್ಲಿ ಕಾಲಿಟ್ಟು ಜಪ ಮಾಡುತ್ತ ಕೂತಿದ್ದರು. ಅಲ್ಲಿಗೆ ಸೀಟಿಯೂ ಕೇಳಿಸಿರಲಿಲ್ಲ. ಗಾಜಿಗೆ ಹೊರಡು ಎಂದು ಹೇಳಿ ಸೇಸಪ್ಪ ಹಳ್ಳಕ್ಕೆ ಹಾರಿದ. ಶಾಮಸುಂದರ ಹಿಂದೆಯೇ ಬಂದರಾದರೂ ನಯವಾದ ಬೂಟು ಕಲ್ಲಿನ ಮೇಲೆ ಜಾರಿ ಎರಡು ಸಲ ಬಿದ್ದರು.

ತಿರುವು ದಾಟಿದಾಗ ಸೇಸಪ್ಪನಿಗೆ ಮೊದಲು ತಾಗಿದ್ದು ಗಾಳಿ. ಬಿಸಿಲಿನ ಹೊತ್ತಿಗೆ ತಕ್ಕದ್ದಲ್ಲದ ತಣ್ಣನೆ ಗಾಳಿ, ಹಳ್ಳದ ಮೇಲಿನಿಂದ ಒಂದೇ ಸಮ ಬರುತ್ತಿತ್ತು. ಅದರಲ್ಲಿ ಆಗ ತಾನೇ ಅಗೆದ ಬಾವಿಯ ಕೆಸರಿನ ವಾಸನೆ ಇತ್ತು. ಶಾರದಮ್ಮನವರು ಒಣಕಲ್ಲಿನ ಮೇಲೆ ಕಾಲಿಟ್ಟುಕೊಂಡು, ನೀರು ಎಲ್ಲಿ ಹೋಯಿತಪ್ಪ ಎಂದು ಕೇಳಿದರು. ಅವನು ಬೆನ್ನು ಕೊಟ್ಟು ಕೂತ.

"ಅಮ್ಮ, ಕೊರಳು ಗಟ್ಟಿ ಹಿಡ್ಕೊಳ್ಳಿ. ಮಾತಾಡ್ಲಿಕ್ಕೆ ಆಮೇಲೆ ಸಮಯ ಉಂಟು."

ಆಕೆ ಅವನ ದನಿಯನ್ನು ಕೇಳಿ, ಬೇರೆ ಮಾತಿಲ್ಲದೆ ಕೊರಳು ಹಿಡಿದರು. ಭಾರದ ಹೆಂಗಸಲ್ಲ. ಆದರೆ ಐವತ್ತರ ಮೊಣಕಾಲು, ದುಂಡು ಕಲ್ಲು, ಮುನ್ನೂರು ಹೆಜ್ಜೆ. ದಂಡೆಯ ಏರಿನಲ್ಲಿ ಶಾಮಸುಂದರ ಹಿಂದಿನಿಂದ ತಾಯಿಯನ್ನು ಎತ್ತಿ ತಳ್ಳಿದರು. ಮೇಲೆ ಬಂದಾಗ ಗಾಜಿಯ ಬಸ್ಸು ಹೊರಟು ಗುಡ್ಡದ ತಿರುವಿನಲ್ಲಿ ಮರೆಯಾಗಿತ್ತು. ಸೇಸಪ್ಪನ ಬಸ್ಸಿನಲ್ಲಿ ಉಳಿದವರು ತುಂಬಿಕೊಂಡು, ಕಿಟಕಿಗಳಿಂದ ಹಳ್ಳವನ್ನೇ ನೋಡುತ್ತಿದ್ದರು.

ಅವನು ಸೀಟಿಗೆ ಹಾರಿ ಇಂಜಿನ್ ಶುರುಮಾಡಿ, ಅಭ್ಯಾಸಬಲದಿಂದ ತಿರುಗಿ ತಲೆ ಎಣಿಸಿದ. ಬರುವಾಗ ಅವನ ಬಸ್ಸಿನಲ್ಲಿ ಹತ್ತೊಂಬತ್ತು ಮಕ್ಕಳಿದ್ದವು. ಈಗ ಹನ್ನೆರಡು, ಕೆಲವು ಆ ಬಸ್ಸಿನಲ್ಲಿ ಹೋಗಿದ್ದವು. ಮುಂದಿನ ಸೀಟು ಖಾಲಿ ಇತ್ತು. ಶ್ರೀನಿವಾಸಮೂರ್ತಿ ಬಾಗಿಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕೈಯಲ್ಲಿ ಪಟ್ಟಿ ಹಿಡಿದು, ಅದೇ ಸೀಟನ್ನು ನೋಡಿದರು. ಏದುಸಿರು ಬಿಡುತ್ತಿದ್ದರು.

"ಹಿತಾ ಹತ್ತಿದಳಾ ಸೇಸಪ್ಪ?"

"ಇಲ್ಲ ಸಾರ್. ಇದರಲ್ಲಿ ಹತ್ತಲಿಲ್ಲ."

ಅಷ್ಟೇ ಮಾತು. ಇದರಲ್ಲಿ ಇಲ್ಲ, ಅದರಲ್ಲಿ ಇರಬಹುದು ಎಂಬ ಇನ್ನೊಂದು ತುಂಡು ಸೇಸಪ್ಪನ ನಾಲಿಗೆಗೆ ಬರಲಿಲ್ಲ. ಅವನ ಕಣ್ಣು ಕನ್ನಡಿಯಲ್ಲಿತ್ತು, ಕೈ ಗೇರಿನ ಮೇಲಿತ್ತು, ಕಿವಿಯಲ್ಲಿ ಆ ಗಾಳಿ ಇತ್ತು. ಮೂರ್ತಿಗಳು ಪಟ್ಟಿಯನ್ನು ಮೆಟ್ಟಿಲ ಮೇಲೆ ಬಿಸಾಡಿ, ತಿರುಗಿ, ದಂಡೆ ಇಳಿದು ಓಡಿದರು. ಮೀನಿನ ಗುಂಡಿಗಳ ಕಡೆಗೆ, ಮಗಳ ಹೆಸರು ಕೂಗುತ್ತ.

ಸೇಸಪ್ಪ ಹಾರನ್ ಒತ್ತಿ ಹಿಡಿದ. ಸಾರ್, ಬನ್ನಿ ಸಾರ್ ಎಂದು ಕಿಟಕಿಯಿಂದ ಕೂಗಿದ. ಅವರು ತಿರುಗಿ ನೋಡಲಿಲ್ಲ. ಇಳಿದು ಓಡೋಣವೆಂದು ಅವನು ಬಾಗಿಲ ಕಡೆ ವಾಲಿದಾಗಲೇ ಸದ್ದು ಬಂತು. ಹೊಳೆಯ ಸದ್ದಲ್ಲ; ನೂರು ಟಿಪ್ಪರುಗಳು ಒಟ್ಟಿಗೆ ಕಲ್ಲು ಸುರಿದ ಹಾಗೆ. ಬಸ್ಸಿನೊಳಗೆ ನಲವತ್ತು ಜನ. ಬಸ್ಸು ನಿಂತಿದ್ದ ಜಾಗ ಹಳ್ಳಕ್ಕಿಂತ ಒಂದಾಳು ಎತ್ತರ ಮಾತ್ರ. ಅವನು ಗೇರು ಹಾಕಿದ.

ಆ ಅರ್ಧ ಕಿಲೋಮೀಟರು ಏರನ್ನು ಅವನು ಹೇಗೆ ಹತ್ತಿಸಿದ ಎಂದು ಆಮೇಲೆ ಅವನಿಗೇ ಗೊತ್ತಿರಲಿಲ್ಲ. ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರ ಒಮ್ಮೆ ಜಾರಿತು, ಬಸ್ಸು ಅರ್ಧ ಅಡಿ ಹಿಂದೆ ಸರಿಯಿತು. ಕನ್ನಡಿಯಲ್ಲಿ ಕಂಡದ್ದು ನೀರೇ ಅಲ್ಲ, ಕಂದು ಬಣ್ಣದ ಗೋಡೆ. ಅದರ ಮುಂದೆ ಬಂಡೆಗಳು ಉರುಳುತ್ತಿದ್ದವು, ಬುಡ ಸಮೇತ ಕಿತ್ತ ಮರಗಳು ನೆಟ್ಟಗೆ ನಿಂತು ಮತ್ತೆ ಮಗುಚುತ್ತಿದ್ದವು. ಬಸ್ಸು ನಿಂತಿದ್ದ ಜಲ್ಲಿಯ ದಂಡೆ ಆ ಗೋಡೆಯೊಳಗೆ ಹೋಯಿತು. ಚಾಪೆ, ಕುರ್ಚಿ, ಒಲೆ ಯಾವುದೂ ಒಂದು ಕ್ಷಣಕ್ಕಿಂತ ಹೆಚ್ಚು ಕಾಣಲಿಲ್ಲ.

ಗುಡ್ಡದ ಭುಜದ ಮೇಲೆ ಗಾಜಿಯ ಬಸ್ಸು ನಿಂತಿತ್ತು. ಸೇಸಪ್ಪ ಅದರ ಹಿಂದೆ ನಿಲ್ಲಿಸಿ ಇಳಿದ. ಆ ಬಸ್ಸಿನ ಬಾಗಿಲಿನಿಂದ ಅನಸೂಯಾ ಇಳಿದು ಬಂದರು. ಕೈ ಹಿಡಿದು ಹಿತಾ ಇದ್ದಳು. ಓಡಿದ ಸುಸ್ತಿಗೆ ಮಗುವಿಗೆ ವಾಂತಿಯಾಗಿತ್ತು, ಅದಕ್ಕೆ ಎದುರಿಗೆ ಸಿಕ್ಕಿದ ಬಸ್ಸು ಹತ್ತಿಸಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡಿದ್ದರು.

"ಇವರೆಲ್ಲಿ?" ಎಂದು ಅನಸೂಯಾ ಕೇಳಿದರು.

ಸೇಸಪ್ಪ ಮಗುವನ್ನು ನೋಡಿದ.

ಪೊಲೀಸರು ಬಂದರು, ಹೆಲಿಕಾಪ್ಟರು ಬಂತು. ಶ್ರೀನಿವಾಸಮೂರ್ತಿ ಸಿಕ್ಕಿದ್ದು ಮೂರನೆಯ ದಿನ, ಆರು ಕಿಲೋಮೀಟರು ಕೆಳಗೆ. ಅದೇ ನೀರಿಗೆ ಕೆಳಗಿನ ರಸ್ತೆಯಲ್ಲಿ ಒಂದು ಪಿಕಪ್ಪೂ ಅದರಲ್ಲಿದ್ದ ಇಬ್ಬರೂ ಹೋಗಿದ್ದರು. ಮೇಲೆ ಹತ್ತಿ ನೋಡಿ ಬಂದವರು ಹೇಳಿದರು: ಎರಡು ದಿನದ ಮಳೆಗೆ ಸಡಿಲಾದ ಬೆಟ್ಟದ ಒಂದು ಮಗ್ಗುಲು ಇಕ್ಕಟ್ಟಿನ ಜಾಗದಲ್ಲಿ ಕುಸಿದು ಹಳ್ಳಕ್ಕೆ ಒಡ್ಡು ಹಾಕಿತ್ತು, ಸುಮಾರು ಒಂದು ಗಂಟೆ ನೀರು ಹಿಡಿದಿತ್ತು. ಸೇಸಪ್ಪ ಅದನ್ನು ಗಾಜಿಗೆ ತಿಳಿಸಿದ. ಗಾಜಿ ತಲೆ ಆಡಿಸಿದ. ಆ ವಾರವೆಲ್ಲ ಅವನು ಊಟ ಸರಿಯಾಗಿ ಮಾಡಿರಲಿಲ್ಲ.

ಕೂಟದವರು ಇಬ್ಬರು ಡ್ರೈವರುಗಳಿಗೂ ಸನ್ಮಾನ ಇಟ್ಟುಕೊಂಡರು. ಶಾಮಸುಂದರ ತಾವೇ ಕ್ಯಾಂಪಿಗೆ ಬಂದು, ಕಬ್ಬಿಣದ ಮಂಚದ ಅಂಚಿನಲ್ಲಿ ಕೂತು, ಆವತ್ತು ನಾನು ನಿಮ್ಮ ಮಾತು ಕೇಳಿದ್ದರೆ ಇನ್ನೂ ಹತ್ತು ನಿಮಿಷ ಸಿಗುತ್ತಿತ್ತು ಎಂದು ಕಣ್ಣೀರು ಹಾಕಿದರು. ಸೇಸಪ್ಪ ಅವರಿಗೆ ಚಹಾ ಮಾಡಿಕೊಟ್ಟ. ಸನ್ಮಾನಕ್ಕೆ ಬರಲಾರೆ ಎಂದ. ಕಾರಣ ಕೇಳಿದರೂ ಹೇಳಲಿಲ್ಲ.

ಕಾರಣ ಹೇಳಿದ್ದು ಗಾಜಿಗೆ ಒಬ್ಬನಿಗೇ. ಗಾಜಿ, ಆ ಹೆಂಗಸು ಮಗು ನನ್ನ ಬಸ್ಸು ಹತ್ತಿದ್ದನ್ನು ನಾನೂ ನೋಡಿದ್ದೆ, ಕೂಗಿ ಹೇಳಬಹುದಿತ್ತು, ಹೇಳಲಿಲ್ಲ ಎಂದ. ಅನಸೂಯಾ ಅವರಿಗೆ ಹೇಳಿಬಿಡುವುದೋ ಬಿಡುವುದೋ ಎಂದು ಸೇಸಪ್ಪ ಕೇಳಿದ್ದಕ್ಕೆ, ನಿನ್ನ ಎದೆ ಹಗುರಾಗುವುದಕ್ಕೆ ಹೋಗುವುದಾದರೆ ಹೋಗಬೇಡ, ಆಕೆಗೆ ತಿಳಿಯಬೇಕು ಅನ್ನಿಸಿದರೆ ಹೋಗು ಎಂದ.

ಅನಸೂಯಾ ಮೈಸೂರಿಗೆ ಹೊರಡುವ ಎರಡು ದಿನ ಮುಂಚೆ ಸೇಸಪ್ಪ ಅಲ್ ಕುಸೈಸ್‌ನ ಅವರ ಫ್ಲಾಟಿಗೆ ಹೋದ. ವೀಸಾ ಕ್ಯಾನ್ಸಲ್ ಆಗಿತ್ತು, ಹಾಲಿನ ತುಂಬ ಪೆಟ್ಟಿಗೆಗಳು. ಹಿತಾ ಪಕ್ಕದ ಮನೆಯಲ್ಲಿದ್ದಳು. ಅವನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದ: ಅವರು ಕೇಳಿದ್ದು, ತಾನು ಹೇಳಿದ್ದು, ಹೇಳದೆ ಬಿಟ್ಟದ್ದು.

ಅನಸೂಯಾ ಪೆಟ್ಟಿಗೆಗೆ ಸುತ್ತುತ್ತಿದ್ದ ಹಗ್ಗ ಕೈಯಲ್ಲೇ ಹಿಡಿದು ಕೇಳಿದರು.

"ಆ ಬಸ್ಸಲ್ಲಿರಬಹುದು ಅಂತ ನೀವು ಒಂದು ಮಾತು ಅಂದಿದ್ರೆ?"

"ಬದುಕುತ್ತಿದ್ದರು, ಅಮ್ಮ."

ಆಕೆ ಅಳಲಿಲ್ಲ. ಬಾಗಿಲು ತೋರಿಸಲೂ ಇಲ್ಲ. ಕಿಟಕಿಯ ಕಡೆ ತಿರುಗಿ ನಿಂತರು. ಕೆಳಗೆ ರಸ್ತೆಯಲ್ಲಿ ಶಾಲೆಯ ಬಸ್ಸುಗಳು ಬಂದು ಮಕ್ಕಳನ್ನು ಇಳಿಸಿ ಹೋಗುವಷ್ಟು ಹೊತ್ತು ಹಾಗೇ ನಿಂತಿದ್ದರು. ಸೇಸಪ್ಪನಿಗೆ ಹೋಗುವುದೋ ನಿಲ್ಲುವುದೋ ತಿಳಿಯಲಿಲ್ಲ.

ಕೊನೆಗೆ ಆಕೆ ತಿರುಗದೆಯೇ ಹೇಳಿದರು. ತಾನೂ ಮಗಳ ಕೈ ಹಿಡಿದು ಹತ್ತಿದಾಗ ಗಂಡನಿಗೆ ಹೇಳಿ ಹತ್ತಿರಲಿಲ್ಲ. ಅದನ್ನು ಯಾರೂ ಈವರೆಗೆ ಕೇಳಿಲ್ಲ, ಎಲ್ಲರೂ ವಿಧಿ ವಿಧಿ ಎನ್ನುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿದವರು ನೀವೊಬ್ಬರೇ. ಅದಕ್ಕೆ ನಿಮ್ಮನ್ನು ಕ್ಷಮಿಸಿದೆ ಅಂತ ತಿಳಿಯಬೇಡಿ, ನನಗೆ ಗೊತ್ತಿಲ್ಲ. ಆದರೆ ಹಿತಾ ದೊಡ್ಡವಳಾದ ಮೇಲೆ ಕೇಳುತ್ತಾಳೆ, ಅಪ್ಪ ಯಾಕೆ ವಾಪಸು ಹೋದರು ಅಂತ. ನನ್ನ ಬಾಯಲ್ಲಿ ಅದು ಬರುವುದಿಲ್ಲ. ಆಗ ನೀವು ಬಂದು ಹೇಳಬೇಕು.

ಸೇಸಪ್ಪ ಊರಿನ ವಿಳಾಸವನ್ನು ಒಂದು ಪೆಟ್ಟಿಗೆಯ ಮುಚ್ಚಳ ಹರಿದು ಬರೆದುಕೊಟ್ಟ.

ಅವನು ಆಮೇಲೂ ಬಸ್ಸು ಓಡಿಸಿದ. ಮಳೆ ಬಂದ ವಾರ ಬೆಟ್ಟದ ಕಡೆಗೆ ಬಾಡಿಗೆ ಬಂದರೆ ಮಾತ್ರ ಬಸ್ಸು ಕೆಟ್ಟಿದೆ ಎನ್ನುತ್ತಿದ್ದ. ಗಾಜಿ ಎರಡು ಸಾವಿರದ ಒಂದರಲ್ಲಿ ಊರಿಗೆ ಹೋದವ ವಾಪಸು ಬರಲಿಲ್ಲ. ಹೊಳೆಯಿಂದ ದೂರ, ಎತ್ತರದಲ್ಲಿ ಮನೆ ಕಟ್ಟಿಸಿದ್ದಾನೆಂದು ಅವನ ಕಡೆಯವನೊಬ್ಬ ಬಂದು ಹೇಳಿದ. ಸೇಸಪ್ಪನ ಹೆಣ್ಣುಮಕ್ಕಳಿಬ್ಬರ ಮದುವೆಯಾಯಿತು. ದೊಡ್ಡವಳ ಮದುವೆಗೆ ಶಾರದಮ್ಮನವರು ಬೆಂಗಳೂರಿನಿಂದ ಒಂದು ರೇಷ್ಮೆ ಸೀರೆ ಕಳಿಸಿದರು.

ಎರಡು ಸಾವಿರದ ನಾಲ್ಕರ ರಜೆಯಲ್ಲಿ ಊರಿಗೆ ಬಂದಾಗ ಅನಸೂಯಾ ಅವರ ಕಾರ್ಡು ಬಂದು ಕಾದಿತ್ತು. ಅವಳು ಕೇಳಿದಳು, ಬನ್ನಿ ಎಂದು ಮೂರೇ ಪದ.

ಸೇಸಪ್ಪ ಮರುದಿನವೇ ಮೈಸೂರಿನ ಬಸ್ಸು ಹತ್ತಿದ. ಹದಿನಾಲ್ಕರ ಹುಡುಗಿ, ಅಪ್ಪನ ಹಾಗೆಯೇ ಉದ್ದಕ್ಕೆ ಬೆಳೆದಿದ್ದಳು. ಎದುರಿನ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದಳು. ಅವನು ಒಂದನ್ನೂ ಬಿಡಲಿಲ್ಲ. ಇದರಲ್ಲಿ ಹತ್ತಲಿಲ್ಲ ಎಂದ ಆ ಮಾತನ್ನು ಆವತ್ತು ಹೇಳಿದ ಹಾಗೆಯೇ ಹೇಳಿದ. ಅನಸೂಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಹಿತಾ ಕೇಳಿದ್ದು ಒಂದೇ ಪ್ರಶ್ನೆ.

"ಅಪ್ಪ ನಡೆದು ಹೋದ್ರಾ, ಓಡಿದ್ರಾ?"

"ಓಡಿದರು ಮಗಾ. ಹೆಸರು ಕೂಗಿಕೊಂಡು ಓಡಿದರು."

ಅವಳು ಎದ್ದು, ಅವನ ಪಕ್ಕದ ಕುರ್ಚಿಗೆ ಬಂದು ಕೂತು, ಅಪ್ಪನ ಬಗ್ಗೆ ಇನ್ನೇನಾದರೂ ನೆನಪಿದ್ದರೆ ಹೇಳಿ ಎಂದಳು. ಮೂರ್ತಿಗಳು ಮಕ್ಕಳಿಗೆ ಹೊಸ ಆಟ ಎಂದು ಹೇಳಿ ಸೀಟಿ ಊದಿದಲ್ಲಿಂದ ಸೇಸಪ್ಪ ಶುರುಮಾಡಿದ. ಅನಸೂಯಾ ಒಳಗೆ ತಟ್ಟೆ ಹಾಕುವ ಸದ್ದು ಕೇಳಿಸಿತು. ಊಟ ಮಾಡಿಕೊಂಡು ಹೋಗಿ, ಸಂಜೆಗೆ ಬಸ್ಸು ಇದೆ ಎಂದರು.